ರಾಜರನ್ನು ವಾಪಸ್ ಕರೆಯೋದು ಯಾರು?

2025ರ ಮಾರ್ಚ್ 9, ಭಾನುವಾರ. ದುಬೈನಲ್ಲಿ ಚಾಂಪಿಯನ್ಸ್ ಟ್ರೋಫಿ ಫೈನಲ್. ಅವತ್ತು ನಮ್ಮ ನ್ಯೂಸ್ ರೂಮಿನಲ್ಲಿ ಸುದ್ದಿ ಅಂದ್ರೆ ಒಂದೇ, ಕೊನೆಯ ತನಕ ನಿಂತು ಆಡಿದ ನಮ್ಮ ಕೆ.ಎಲ್. ರಾಹುಲ್. ಅದರ ಮಧ್ಯೆ ಪಕ್ಕದ ಮಾನಿಟರ್‌ನಲ್ಲಿ ಕಠ್ಮಂಡುವಿನ ದೃಶ್ಯಗಳು ಸದ್ದಿಲ್ಲದೆ ಓಡ್ತಾ ಇದ್ದವು. ವಿಮಾನ ನಿಲ್ದಾಣದ ಹೊರಗೆ ಸಾವಿರಾರು ಜನ. ಹೂವಿನ ಹಾರ, ಬಾವುಟ, ಘೋಷಣೆ. ಪೋಖರಾದಿಂದ ಬಂದಿಳಿದ ಎಪ್ಪತ್ತೇಳು ವರ್ಷದ ಒಬ್ಬ ವ್ಯಕ್ತಿಯ ಕಾರು ಜನರ ನಡುವೆ ಇಂಚಿಂಚೇ ಮುಂದೆ ಸಾಗ್ತಾ ಇತ್ತು. ಜ್ಞಾನೇಂದ್ರ ಶಾ. ನೇಪಾಳದ ಕೊನೆಯ ದೊರೆ. ಅರಮನೆ ಖಾಲಿ ಮಾಡಿ, ನಮ್ಮ ರಾಜ ಬರ್ತಿದ್ದಾರೆ ಅಂತ ಜನ ಕೂಗ್ತಾ ಇದ್ದರು.

ಮರುದಿನ ನನ್ನ ಕಾರ್ಯಕ್ರಮದ ವಿಷಯ ಅದೇ ಆಯ್ತು. ತೆರೆಯ ಮೇಲಿನ ಶೀರ್ಷಿಕೆ, ಮತ್ತೆ ಬರ್ತಾರಾ ಮಹಾರಾಜ? ನಾನು ಆವೇಶದಲ್ಲಿ ಹೇಳಿದ್ದು ಏನು ಗೊತ್ತಾ? ಹದಿನೇಳು ವರ್ಷದಲ್ಲಿ 13 ಸರ್ಕಾರ ಕಂಡ ದೇಶ, ಜನ ಬೇಸತ್ತಿದ್ದಾರೆ, ಇನ್ನು ತಿಂಗಳುಗಳ ಮಾತು. ಕಾರ್ಯಕ್ರಮ ಚೆನ್ನಾಗಿ ಓಡಿತು. ಮೈಸೂರಿನಿಂದ ಹಿರಿಯರೊಬ್ಬರು ಫೋನ್ ಮಾಡಿ, "ಸರಿಯಾಗಿ ಹೇಳಿದ್ರಿ ಕಣಪ್ಪಾ" ಅಂತ ಬೆನ್ನು ತಟ್ಟಿದರು.

ನಾನು ಹೇಳಿದ್ದು ತಪ್ಪಾಗಿತ್ತು. ಯಾಕೆ ತಪ್ಪು ಅನ್ನೋದನ್ನು ಆಮೇಲೆ ಕೂತು ಓದಿ ತಿಳಿದುಕೊಂಡೆ. ಅದನ್ನೇ ಇಲ್ಲಿ ಬರೀತಿದ್ದೀನಿ.

ಮೊದಲು ಆ ವಿಮಾನ ನಿಲ್ದಾಣದ ಹೆಸರು ನೋಡಿ. ತ್ರಿಭುವನ್ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ. ತ್ರಿಭುವನ್ ಅಂದ್ರೆ ಜ್ಞಾನೇಂದ್ರರ ಅಜ್ಜ. ಅವರ ಕಾಲದಲ್ಲಿ ದೊರೆಗೆ ಕಿರೀಟವಿತ್ತು, ಅಧಿಕಾರವಿರಲಿಲ್ಲ. 1846ರಿಂದ ಆಡಳಿತ ಪೂರ್ತಿ ರಾಣಾ ಮನೆತನದ ಪ್ರಧಾನಿಗಳ ಕೈಯಲ್ಲಿತ್ತು. 1950ರ ನವೆಂಬರ್‌ನಲ್ಲಿ ಬೇಟೆಗೆ ಹೋಗ್ತೀವಿ ಅಂತ ಅರಮನೆಯಿಂದ ಹೊರಟ ತ್ರಿಭುವನ್, ಸೀದಾ ಭಾರತದ ರಾಯಭಾರ ಕಚೇರಿಯೊಳಗೆ ಕಾರು ತಿರುಗಿಸಿದರು. ಅಲ್ಲಿಂದ ದೆಹಲಿಗೆ. ಕುಟುಂಬದ ಬಹುತೇಕ ಎಲ್ಲರೂ ಜೊತೆಗಿದ್ದರು, ಒಬ್ಬ ಮೊಮ್ಮಗನನ್ನು ಬಿಟ್ಟು. ರಾಣಾ ಪ್ರಧಾನಿ ಮೋಹನ್ ಶಂಶೇರ್ ತಡ ಮಾಡಲಿಲ್ಲ. ಅರಮನೆಯಲ್ಲಿ ಉಳಿದಿದ್ದ ಆ ಮೂರು ವರ್ಷದ ಮಗುವನ್ನೇ ಸಿಂಹಾಸನದ ಮೇಲೆ ಕೂರಿಸಿ ಇವನೇ ದೊರೆ ಅಂದುಬಿಟ್ಟರು. ಆ ಮಗುವೇ ಈ ಜ್ಞಾನೇಂದ್ರ.

ಭಾರತ ಒಪ್ಪಲಿಲ್ಲ. ನೇಪಾಳಿ ಕಾಂಗ್ರೆಸ್ ಬಂದೂಕು ಹಿಡಿದು ಹೋರಾಟಕ್ಕಿಳಿದಿತ್ತು. 1951ರ ಫೆಬ್ರವರಿಯಲ್ಲಿ ತ್ರಿಭುವನ್ ವಾಪಸ್ ಬಂದರು, ರಾಣಾಗಳ ನೂರಾನಾಲ್ಕು ವರ್ಷದ ಆಳ್ವಿಕೆ ಮುಗಿಯಿತು. ಅಂದ್ರೆ, ನೇಪಾಳಕ್ಕೆ ರಾಜ ಮರಳಿ ಬಂದ ಅನುಭವ ಹೊಸದಲ್ಲ. ಆದರೆ ಅವತ್ತು ಅವರನ್ನು ಕರೆತಂದದ್ದು ಯಾರು? ದೆಹಲಿಗೆ ಅವರು ಬೇಕಾಗಿತ್ತು. ರಾಣಾಗಳನ್ನು ಇಳಿಸಬೇಕಿದ್ದ ನೇಪಾಳಿ ಕಾಂಗ್ರೆಸ್‌ಗೂ ಬೇಕಾಗಿತ್ತು. ಬೀದಿಯಲ್ಲಿ ಕೂಗಿದ ಜನ ಇದ್ದರು, ನಿಜ. ಆದರೆ ಬಾಗಿಲು ತೆಗೆಯುವ ಕೀಲಿ ಇದ್ದದ್ದು ಬೇರೆಯವರ ಕೈಯಲ್ಲಿ.

ಈ ಒಂದು ಎಳೆ ಹಿಡಿದು ಬೇರೆ ದೇಶಗಳನ್ನು ನೋಡಿ. ಎಲ್ಲಕ್ಕಿಂತ ದೊಡ್ಡ ಪಾಠ ಸ್ಪೇನ್.

ಸ್ಪೇನ್‌ನಲ್ಲಿ 1931ರಲ್ಲಿ ದೊರೆ ದೇಶ ಬಿಟ್ಟು ಹೋದರು, ಗಣರಾಜ್ಯ ಬಂತು. 1936ರಿಂದ 39ರ ತನಕ ಅಂತರ್ಯುದ್ಧ. ಗೆದ್ದವರು ಜನರಲ್ ಫ್ರಾಂಕೊ. 1947ರಲ್ಲಿ ಅವರು ಒಂದು ವಿಚಿತ್ರ ಕಾನೂನು ತಂದರು. ಸ್ಪೇನ್ ಒಂದು ರಾಜ್ಯ, ಅದಕ್ಕೊಬ್ಬ ರಾಜ ಇರ್ತಾನೆ, ಆದರೆ ಯಾವಾಗ, ಯಾರು ಅನ್ನೋದನ್ನು ನಾನು ಹೇಳ್ತೀನಿ. ಕಾನೂನಿನ ಸಾರ ಇಷ್ಟೇ. ಮುಂದಿನ 28 ವರ್ಷ ರಾಜನಿಲ್ಲದ ರಾಜ್ಯ! ಬಸ್ಸಿನ ಸೀಟಿಗೆ ಟವೆಲ್ ಹಾಕಿ ಇಟ್ಟ ಹಾಗೆ.

ನ್ಯಾಯವಾಗಿ ಆ ಸೀಟು ಸಿಗಬೇಕಾಗಿದ್ದು ಹಿಂದಿನ ದೊರೆಯ ಮಗ ಡಾನ್ ಹುವಾನ್‌ಗೆ. ಅವರು ಫ್ರಾಂಕೊ ಮಾತು ಕೇಳುವವರಲ್ಲ. ಹಾಗಾಗಿ ಅವರ ಮಗನನ್ನು ಆರಿಸಿಕೊಂಡರು. ಹತ್ತು ವರ್ಷದ ಹುಡುಗ ಹುವಾನ್ ಕಾರ್ಲೋಸ್ 1948ರಲ್ಲಿ ಓದಿಗೆ ಅಂತ ಸ್ಪೇನ್‌ಗೆ ಬಂದ. ಫ್ರಾಂಕೊ ಕಣ್ಣಳತೆಯಲ್ಲೇ ಬೆಳೆದ. 1969ರಲ್ಲಿ ಉತ್ತರಾಧಿಕಾರಿ ಅಂತ ಘೋಷಣೆಯಾಯ್ತು. ಅಪ್ಪ ಬದುಕಿರುವಾಗಲೇ ಮಗನಿಗೆ ಪಟ್ಟ. ಆ ಮನೆಯಲ್ಲಿ ಅವತ್ತು ಊಟ ಹೇಗೆ ಸೇರಿತೋ ದೇವರೇ ಬಲ್ಲ. 1975ರ ನವೆಂಬರ್ 20ಕ್ಕೆ ಫ್ರಾಂಕೊ ತೀರಿಕೊಂಡರು, 22ಕ್ಕೆ ಹುವಾನ್ ಕಾರ್ಲೋಸ್ ದೊರೆಯಾದರು.

ನೋಡಿ, ಇಲ್ಲಿ ಜನರ ಮುಕ್ತ ಓಟು ಬೀಳಲಿಲ್ಲ. ರಾಜ ಬೇಕಾ, ಗಣರಾಜ್ಯ ಬೇಕಾ ಅಂತ ಸ್ಪೇನ್ ಜನರನ್ನು ಬಿಡಿಯಾಗಿ ಯಾರೂ ಕೇಳಲಿಲ್ಲ. ಯಾಕೆ ಕೇಳಲಿಲ್ಲ? ಇದಕ್ಕೆ ಉತ್ತರ ಸಿಕ್ಕಿದ್ದು ಒಂದು ಟಿವಿ ಸಂದರ್ಶನದಲ್ಲಿ. ನಮ್ಮ ವೃತ್ತಿಯ ಕಥೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳ್ತೀನಿ. ಪ್ರಜಾಪ್ರಭುತ್ವಕ್ಕೆ ದಾಟಿಸಿದ ಪ್ರಧಾನಿ ಅಡಾಲ್ಫೊ ಸುವಾರೆಜ್ 1995ರಲ್ಲಿ ಒಬ್ಬ ಪತ್ರಕರ್ತೆಯ ಎದುರು ಕೂತಿದ್ದರು. ಈ ಪ್ರಶ್ನೆ ಬಂದಾಗ ಅವರು ಎದೆಯ ಮೇಲಿದ್ದ ಮೈಕನ್ನು ಕೈಯಿಂದ ಮುಚ್ಚಿಕೊಂಡು ಮಾತಾಡಿದರು. ನಾವು ಒಳಗೊಳಗೇ ಸಮೀಕ್ಷೆ ಮಾಡಿಸಿದ್ವಿ, ಸೋಲ್ತಾ ಇದ್ವಿ. ಅದಕ್ಕೇ ಸುಧಾರಣೆಯ ಕಾನೂನಿನಲ್ಲೇ ರಾಜ ಅನ್ನೋ ಪದ ಸೇರಿಸಿ ಒಟ್ಟಿಗೇ ಓಟಿಗೆ ಹಾಕಿದ್ವಿ. ತಾತ್ಪರ್ಯ ಇದು. ಮೈಕ್ ಮುಚ್ಚಿದರೂ ಮಾತು ರೆಕಾರ್ಡ್ ಆಗಿತ್ತು. 2016ರಲ್ಲಿ ಪ್ರಸಾರವಾಯ್ತು, ಸುವಾರೆಜ್ ತೀರಿಕೊಂಡ ಎರಡು ವರ್ಷಕ್ಕೆ. ಮೈಕ್ ಮೇಲೆ ಕೈ ಇಟ್ಟರೆ ಧ್ವನಿ ಹೋಗಲ್ಲ ಅಂತ ನಮ್ಮಲ್ಲಿಯ ರಾಜಕಾರಣಿಗಳೂ ತಿಳಿದುಕೊಂಡರೆ ಒಳ್ಳೆಯದು.

1978ರ ಡಿಸೆಂಬರ್ 6ಕ್ಕೆ ಸಂವಿಧಾನಕ್ಕೆ ಜನಮತ. ಪ್ರಜಾಪ್ರಭುತ್ವ ಬೇಕು ಅಂದ್ರೆ ಹೌದು ಅನ್ನಬೇಕು. ಹೌದು ಅಂದ್ರೆ ರಾಜನಿಗೂ ಹೌದು ಅಂದ ಹಾಗೆ. ಭಾರಿ ಬಹುಮತದಿಂದ ಪಾಸಾಯ್ತು.

ಹಾಗಂತ ಬರೀ ತಂತ್ರದಿಂದ ಗದ್ದುಗೆ ಉಳಿಯಿತು ಅಂದ್ರೆ ಅನ್ಯಾಯವಾಗುತ್ತೆ. 1981ರ ಫೆಬ್ರವರಿ 23ರ ಸಂಜೆ ತೇಹೆರೊ ಅನ್ನೋ ಲೆಫ್ಟಿನೆಂಟ್ ಕರ್ನಲ್ ಸುಮಾರು ಇನ್ನೂರು ಸಿಬ್ಬಂದಿ ಜೊತೆ ಸಂಸತ್ತಿಗೆ ನುಗ್ಗಿದ. ಗುಂಡು ಛಾವಣಿಗೆ ತಾಗಿತು, ಆ ತೂತುಗಳು ಈಗಲೂ ಇವೆ. ವೆಲೆನ್ಸಿಯಾದ ಬೀದಿಗೆ ಟ್ಯಾಂಕ್ ಇಳಿದವು. ದಂಗೆ ಎದ್ದವರು ಇದೆಲ್ಲ ದೊರೆಯ ಹೆಸರಲ್ಲಿ ಅಂತ ಹೇಳಿಕೊಳ್ತಾ ಇದ್ದರು. ದೂರದರ್ಶನ ಕೇಂದ್ರವನ್ನೂ ಸೈನಿಕರು ಹಿಡಿದಿದ್ದರು. ಅವರು ಹಿಂದೆ ಸರಿದ ಮೇಲೆ ಕ್ಯಾಮೆರಾ ತಂಡ ಅರಮನೆಗೆ ಹೋಯ್ತು. ರಾತ್ರಿ ಒಂದು ಗಂಟೆ ದಾಟಿದ ಮೇಲೆ ಸೇನಾ ಸಮವಸ್ತ್ರದಲ್ಲಿ ದೊರೆ ತೆರೆಯ ಮೇಲೆ ಬಂದರು. ಸಂವಿಧಾನದ ಪರ ನಿಂತರು. ಬೆಳಗಾಗುವ ಹೊತ್ತಿಗೆ ದಂಗೆಯ ಕಸುವು ಹೋಗಿತ್ತು.

ಜನ ರಾಜನನ್ನು ಒಪ್ಪಿಕೊಂಡಿದ್ದು ಅವತ್ತು. ಫ್ರಾಂಕೊ ಆರಿಸಿ ಕೂರಿಸಿದ ವ್ಯಕ್ತಿ, ಫ್ರಾಂಕೊ ಕೊಟ್ಟ ಅಧಿಕಾರವನ್ನೆಲ್ಲ ಬಿಟ್ಟುಕೊಟ್ಟು ಉಳಿದುಕೊಂಡ. ಮುಂದೆ ಹಣದ ಹಗರಣಗಳು ಬಂದವು, 2014ರಲ್ಲಿ ಪಟ್ಟ ಬಿಟ್ಟರು, 2020ರಲ್ಲಿ ದೇಶ ಬಿಟ್ಟು ಅಬುಧಾಬಿ ಸೇರಿದರು. ಆ ಕಥೆ ಇನ್ನೊಂದು ದಿನಕ್ಕೆ.

ಫ್ರಾನ್ಸ್‌ನಲ್ಲಿ ಇದರ ಉಲ್ಟಾ ನಡೆದಿದೆ. 1871ರಲ್ಲಿ ಆಯ್ಕೆಯಾದ ಸಭೆಯಲ್ಲಿ ಬಹುಮತವೇ ಅರಸೊತ್ತಿಗೆಯ ಪರ. ರಾಜ ರೆಡಿ, ಸಿಂಹಾಸನ ರೆಡಿ, ಓಟೂ ರೆಡಿ. ಆದರೆ ಉತ್ತರಾಧಿಕಾರಿ ಶಾಂಬೋರ್ ಪ್ರಭು ಒಂದೇ ಹಟ ಹಿಡಿದರು. ಕ್ರಾಂತಿಯ ಕಾಲದ ತ್ರಿವರ್ಣ ಧ್ವಜ ನನಗೆ ಬೇಡ, ನಮ್ಮ ಪೂರ್ವಿಕರ ಬಿಳಿ ಬಾವುಟವೇ ಇರಬೇಕು. 1873ರಲ್ಲೂ ಅದೇ ಮಾತು. ಸೈನ್ಯ ತ್ರಿವರ್ಣ ಬಿಡಲು ತಯಾರಿಲ್ಲ, ರಾಜ ಅದನ್ನು ಮುಟ್ಟಲು ತಯಾರಿಲ್ಲ. 1875ರಲ್ಲಿ ಗಣರಾಜ್ಯದ ಪದ ಕಾನೂನಿಗೆ ಸೇರಿದ್ದು 353ಕ್ಕೆ 352, ಒಂದೇ ಓಟಿನ ಅಂತರದಲ್ಲಿ. ಒಂದು ಬಟ್ಟೆ ತುಂಡಿಗಾಗಿ ಒಂದು ಸಾಮ್ರಾಜ್ಯ ಬಿಟ್ಟ ಮನುಷ್ಯ ಅಂತ ನಗಬಹುದು. ನನಗೆ ಮಾತ್ರ ಅವರ ಮೇಲೆ ಒಂಥರಾ ಗೌರವ ಇದೆ. ಬಾವುಟ ಬದಲಿಸಿಕೊಂಡು ಬಂದರೆ ತಾನು ಬೇರೆಯೇ ಏನೋ ಆಗಿ ಬರ್ತೀನಿ ಅಂತ ಅವರಿಗೆ ಗೊತ್ತಿತ್ತು.

ಗಣರಾಜ್ಯ ಆಗಿ, ನರಕವನ್ನೂ ಕಂಡು, ಮತ್ತೆ ರಾಜನನ್ನು ಕೂರಿಸಿಕೊಂಡ ದೇಶ ಕಾಂಬೋಡಿಯಾ. ಸಿಹಾನುಕ್ ಅವರನ್ನು 1941ರಲ್ಲಿ ಹದಿನೆಂಟನೇ ವಯಸ್ಸಿಗೆ ಫ್ರೆಂಚರು ದೊರೆ ಮಾಡಿದರು. 1955ರಲ್ಲಿ ಪಟ್ಟವನ್ನು ಅಪ್ಪನಿಗೆ ಬಿಟ್ಟುಕೊಟ್ಟು ರಾಜಕೀಯಕ್ಕಿಳಿದರು. ಹೌದು, ಮಗನಿಂದ ಅಪ್ಪನಿಗೆ! 1970ರಲ್ಲಿ ಸೇನೆಯವರು ಅವರನ್ನು ಕಿತ್ತುಹಾಕಿದರು. ಸಿಟ್ಟಿನಲ್ಲಿ ಖಮೇರ್ ರೂಜ್ ಜೊತೆ ಕೈಜೋಡಿಸಿದರು. ಆ ಖಮೇರ್ ರೂಜ್ 1975ರಿಂದ 79ರ ತನಕ ಲಕ್ಷಲಕ್ಷ ಜನರನ್ನು ಕೊಂದಿತು, ಸಿಹಾನುಕ್ ಅವರನ್ನೂ ಅರಮನೆಯಲ್ಲೇ ಕೂಡಿಹಾಕಿತು. ಇಷ್ಟೆಲ್ಲ ಆದ ಮೇಲೆ 1993ರಲ್ಲಿ ವಿಶ್ವಸಂಸ್ಥೆಯ ಉಸ್ತುವಾರಿಯಲ್ಲಿ ಚುನಾವಣೆ. ಅವರ ಮಗನ ಪಕ್ಷಕ್ಕೆ 58 ಸ್ಥಾನ, ಹುನ್ ಸೆನ್ ಪಕ್ಷಕ್ಕೆ 51. ಸೋತವರು ಜಾಗ ಬಿಡಲ್ಲ, ಗೆದ್ದವರಿಗೆ ಸೈನ್ಯ ಇಲ್ಲ. ಇಬ್ಬರು ಪ್ರಧಾನಿಗಳು, ನಡುವೆ ಇಬ್ಬರೂ ಒಪ್ಪುವ ಒಬ್ಬರೇ ವ್ಯಕ್ತಿ, ಸಿಹಾನುಕ್. ಸೆಪ್ಟೆಂಬರ್‌ನಲ್ಲಿ ಹೊಸ ಸಂವಿಧಾನ, ಮತ್ತೆ ದೊರೆ. ಪಟ್ಟದಲ್ಲಿರ್ತಾರೆ, ಆಳೋದಿಲ್ಲ ಅಂತ ಸಂವಿಧಾನದಲ್ಲೇ ಬರೆದರು. ಮುಂದಿನ ದೊರೆಯನ್ನು ಒಂಬತ್ತು ಜನರ ಸಮಿತಿ ಆರಿಸುತ್ತೆ. 2004ರಲ್ಲಿ ಹಾಗೆ ಆಯ್ಕೆಯಾದವರು ಬ್ಯಾಲೆ ನೃತ್ಯ ಕಲಿತು ಕಲಿಸಿದ್ದ ಮಗ ಸಿಹಾಮೊನಿ. ಆದರೆ ದೇಶ ಆಳಿದ್ದು? 2023ರ ತನಕ ಹುನ್ ಸೆನ್. ಆಮೇಲೆ ಅವರ ಮಗ. ಕಾಂಬೋಡಿಯಾದಲ್ಲಿ ಎರಡು ವಂಶಗಳಿವೆ, ಒಂದಕ್ಕೆ ಕಿರೀಟ ಇದೆ ಅಷ್ಟೇ.

ಜನಮತ ಕೇಳಿದ ಕಡೆ ಏನಾಯ್ತು? ಗ್ರೀಸ್‌ನಲ್ಲಿ 1935ರಲ್ಲಿ ಜನರಲ್ ಕೊಂಡಿಲಿಸ್ ಮೊದಲು ಗಣರಾಜ್ಯ ರದ್ದು ಮಾಡಿ, ಆಮೇಲೆ ಓಟು ಹಾಕಿಸಿದ. ರಾಜನಿಗೆ ನೂರಕ್ಕೆ ಸುಮಾರು 98! ಅಂಥ ಅಂಕ ನಮ್ಮ ಇಂಜಿನಿಯರಿಂಗ್ ಕಾಲೇಜಿನ ಇಂಟರ್ನಲ್ಸ್‌ನಲ್ಲೂ ಕೊಡ್ತಿರಲಿಲ್ಲ. ಅದೇ ದೇಶದಲ್ಲಿ 1974ರ ಡಿಸೆಂಬರ್‌ನಲ್ಲಿ ನೆಟ್ಟಗೆ ಓಟು ನಡೆದಾಗ ನೂರಕ್ಕೆ 69 ಗಣರಾಜ್ಯಕ್ಕೆ. ಬ್ರೆಜಿಲ್ 1993ರಲ್ಲಿ ಕೇಳಿತು, ಸಿಂಧುವಾದ ಓಟುಗಳಲ್ಲಿ ರಾಜನಿಗೆ ಸಿಕ್ಕಿದ್ದು ನೂರಕ್ಕೆ ಸುಮಾರು 13. ಅಲ್ಬೇನಿಯಾದಲ್ಲಿ 1997ರಲ್ಲಿ ಮೂರನೇ ಎರಡರಷ್ಟು ಜನ ಬೇಡ ಅಂದರು.

ಬಲ್ಗೇರಿಯಾದ ಸಿಮಿಯೋನ್ ಇವರೆಲ್ಲರಿಗಿಂತ ಜಾಣರು. 1946ರಲ್ಲಿ ಒಂಬತ್ತು ವರ್ಷದ ದೊರೆಯಾಗಿ ದೇಶ ಬಿಟ್ಟವರು, 2001ರಲ್ಲಿ ಒಂದು ಪಕ್ಷ ಕಟ್ಟಿ 240ರಲ್ಲಿ 120 ಸ್ಥಾನ ಗೆದ್ದರು. ಗಣರಾಜ್ಯದ ಸಂವಿಧಾನದ ಮೇಲೆ ಪ್ರಮಾಣ ಮಾಡಿ ಪ್ರಧಾನಿಯಾದರು. ಕಿರೀಟ ಕೇಳಲಿಲ್ಲ. ಇಲ್ಲಿ ನಮ್ಮ ಮೈಸೂರು ನೆನಪಾಗದೆ ಇರುತ್ತಾ? ಜಯಚಾಮರಾಜೇಂದ್ರ ಒಡೆಯರು 1950ರಲ್ಲಿ ರಾಜಪ್ರಮುಖರಾದರು, 1956ರಲ್ಲಿ ರಾಜ್ಯಪಾಲರಾದರು. 2024ರಲ್ಲಿ ಯದುವೀರ್ ಒಡೆಯರ್ ಮೈಸೂರು-ಕೊಡಗು ಕ್ಷೇತ್ರದಲ್ಲಿ ಓಟು ಕೇಳಿ ಸಂಸದರಾದರು. ದಸರಾದಲ್ಲಿ ಸಿಂಹಾಸನ, ದೆಹಲಿಯಲ್ಲಿ ಸಂಸದರ ಸೀಟು. ಅಂದು ಫೋನ್ ಮಾಡಿದ ಮೈಸೂರಿನ ಹಿರಿಯರಿಗೆ ಇದರಲ್ಲಿ ಯಾವ ಗೊಂದಲವೂ ಇಲ್ಲ. ನನಗೂ ಇಲ್ಲ.

ಈಗ ನೇಪಾಳಕ್ಕೆ ಬರೋಣ. ಕಂಪ್ಯೂಟರ್‌ನಲ್ಲಿ ಸಿಸ್ಟಂ ರಿಸ್ಟೋರ್ ಅಂತ ಒಂದು ಸೌಲಭ್ಯ ಇರುತ್ತೆ. ಏನೋ ಕೆಟ್ಟುಹೋಯ್ತು ಅಂದ್ರೆ ಹಿಂದಿನ ಒಂದು ದಿನಾಂಕಕ್ಕೆ ವಾಪಸ್ ಹೋಗಬಹುದು. ಆದರೆ ಒತ್ತುವ ಮೊದಲು ಅದು ಕೇಳುತ್ತೆ, ಯಾವ ದಿನಾಂಕಕ್ಕೆ? ನೇಪಾಳದ ರಾಜಪರರಿಗೆ ನಾನು ಕೇಳೋದೂ ಅದನ್ನೇ. ಬೀರೇಂದ್ರರು ಪಕ್ಷಗಳಿಗೆ ಅಧಿಕಾರ ಬಿಟ್ಟುಕೊಟ್ಟ 1990ಕ್ಕಾ? 2001ರ ಜೂನ್ 1ರ ರಾತ್ರಿ ಅರಮನೆಯೊಳಗೇ ಗುಂಡಿನ ಮಳೆಯಾಗಿ ಅವರೂ, ರಾಣಿಯೂ, ಮಕ್ಕಳೂ ಸತ್ತರು. ನಾನಾಗ ಹೈಸ್ಕೂಲು. ಮಗನೇ ಹೊಡೆದನಂತೆ ಅನ್ನೋದನ್ನು ನಮ್ಮ ಬೀದಿಯಲ್ಲಿ ಯಾರೂ ನಂಬಲಿಲ್ಲ. ಆಮೇಲೆ ಜ್ಞಾನೇಂದ್ರ ಎರಡನೇ ಸಲ ದೊರೆ. 2005ರ ಫೆಬ್ರವರಿ 1ರಂದು ಸರ್ಕಾರ ವಜಾ ಮಾಡಿ ತಾವೇ ಅಧಿಕಾರ ಹಿಡಿದರು, ದೇಶದ ಫೋನ್ ಲೈನುಗಳೇ ಬಂದ್. ಆ ದಿನಾಂಕಕ್ಕೆ ಹೋಗೋದಾ? 2006ರಲ್ಲಿ ಬೀದಿಗಿಳಿದ ಜನ ಅವರನ್ನು ಇಳಿಸಿದರು. 2008ರ ಮೇ 28ಕ್ಕೆ ಸಂವಿಧಾನ ಸಭೆಯಲ್ಲಿ ಗಣರಾಜ್ಯಕ್ಕೆ 560 ಓಟು, ವಿರುದ್ಧ 4. ನಾರಾಯಣಹಿಟಿ ಅರಮನೆ ಮ್ಯೂಸಿಯಂ ಆಯ್ತು.

ಆಮೇಲೆ ಆಗಿದ್ದು ಯಾರ ಗಮನಕ್ಕೂ ಅಷ್ಟಾಗಿ ಬರಲಿಲ್ಲ. ರಾಜ ಮಾಡುತ್ತಿದ್ದ ಕೆಲಸಗಳನ್ನು ಗಣರಾಜ್ಯ ಒಂದೊಂದಾಗಿ ಹಂಚಿಕೊಂಡಿತು. ನೋಟಿನ ಮೇಲೆ ದೊರೆಯ ಮುಖದ ಜಾಗಕ್ಕೆ ಎವರೆಸ್ಟ್ ಬಂತು. ಜೀವಂತ ದೇವತೆ ಕುಮಾರಿಯಿಂದ ತಿಲಕ ಇಡಿಸಿಕೊಳ್ಳೋದು ಈಗ ರಾಷ್ಟ್ರಪತಿ. ಹಂಚಿಕೆ ಸಲೀಸಾಗಿ ಆಗಲಿಲ್ಲ ಅನ್ನೋದಕ್ಕೆ ನಾವೇ ಸಾಕ್ಷಿ. ಪಶುಪತಿನಾಥನ ಪೂಜೆ ಮಾಡೋರು ನಮ್ಮ ಕರ್ನಾಟಕದ ಭಟ್ಟರು, ಅವರಿಗೆ ರಾಜಾಶ್ರಯ ಇತ್ತು. ರಾಜ ಹೋದ ಮೇಲೆ ಅರ್ಚಕರನ್ನು ನೇಮಿಸೋದು ಯಾರು ಅನ್ನೋ ಪ್ರಶ್ನೆ ಎದ್ದಿತು. ಮಾವೋವಾದಿ ಸರ್ಕಾರ ನೇಪಾಳಿಗಳನ್ನೇ ನೇಮಿಸಲು ಹೊರಟಿತು, ಗಲಾಟೆಯಾಗಿ ಹಿಂದೆ ಸರಿಯಿತು. 2009ರ ಸೆಪ್ಟೆಂಬರ್‌ನಲ್ಲಿ ಹೊಸದಾಗಿ ನೇಮಕವಾದ ಕರ್ನಾಟಕದ ಇಬ್ಬರು ಅರ್ಚಕರನ್ನು ಹೊಡೆದರು. ಕರಾವಳಿಯಲ್ಲಿ ಅವತ್ತು ಎಷ್ಟು ಆತಂಕವಿತ್ತು ಅನ್ನೋದು ಕೆಲವರಿಗಾದರೂ ನೆನಪಿರಬಹುದು. ಆದರೂ ಪೂಜೆ ನಿಲ್ಲಲಿಲ್ಲ. ರಾಜನಿಲ್ಲದೆಯೂ ನಡೆಯುತ್ತೆ ಅಂತಾಯ್ತು.

ಫ್ರಾಂಕೊ ಸೀಟಿಗೆ ಟವೆಲ್ ಹಾಕಿಟ್ಟಿದ್ದ. ನೇಪಾಳದಲ್ಲಿ ಸೀಟೇ ಇಲ್ಲ.

ಲೆಕ್ಕವೂ ಕೂಡಲ್ಲ. 275 ಸದಸ್ಯರ ಕೆಳಮನೆಯಲ್ಲಿ ಸಂವಿಧಾನ ತಿದ್ದಲು 184 ಬೇಕು. ರಾಜಪರ ರಾಷ್ಟ್ರೀಯ ಪ್ರಜಾತಂತ್ರ ಪಾರ್ಟಿಗೆ 2022ರಲ್ಲಿ ಬಂದದ್ದು 14. ಕೂಡುವುದು ಕಳೆಯುವುದು ಗೊತ್ತಿದ್ದರೂ ಸಾಕಿತ್ತು. ನಾನು ಅವತ್ತು ಕಾರ್ಯಕ್ರಮಕ್ಕೆ ಮುಂಚೆ ಆ ಎರಡು ಸಂಖ್ಯೆಗಳನ್ನು ನೋಡಲೇ ಇಲ್ಲ. ನೋಡಿದ್ದು ದೃಶ್ಯ ಮಾತ್ರ. ಹತ್ತು ಸಾವಿರ ಜನರನ್ನು ಹತ್ತಿರದಿಂದ ತೋರಿಸಿದರೆ ಇಡೀ ದೇಶವೇ ನಿಂತ ಹಾಗೆ ಕಾಣುತ್ತೆ. ನಮಗದು ಗೊತ್ತಿದ್ದೂ ಪ್ರತಿಸಲ ಮೋಸ ಹೋಗ್ತೀವಿ.

ಮಾರ್ಚ್ 28ಕ್ಕೆ ತಿನ್‌ಕುನೆಯಲ್ಲಿ ಅದೇ ಜನ ಮತ್ತೆ ಸೇರಿದರು. ಕಲ್ಲು, ಅಶ್ರುವಾಯು, ಬೆಂಕಿ. ಇಬ್ಬರು ಸತ್ತರು. ಅವರಲ್ಲಿ ಒಬ್ಬರು ಟಿವಿ ಕ್ಯಾಮೆರಾಮನ್. ಕಟ್ಟಡದ ಮೇಲಿಂದ ಚಿತ್ರೀಕರಣ ಮಾಡ್ತಿದ್ದಾಗ ಕಟ್ಟಡಕ್ಕೇ ಬೆಂಕಿ ಬಿತ್ತು. ಆ ಸುದ್ದಿ ಓದಿದ್ದೂ ನಾನೇ. ಅವತ್ತು ಯಾವ ಶೀರ್ಷಿಕೆಗೂ ಪ್ರಶ್ನಾರ್ಥಕ ಚಿಹ್ನೆ ಹಾಕಲಿಲ್ಲ.

ನಿಜವಾದ ಪರೀಕ್ಷೆ ಬಂದದ್ದು ಸೆಪ್ಟೆಂಬರ್‌ನಲ್ಲಿ. ಸರ್ಕಾರ ಸೋಷಿಯಲ್ ಮೀಡಿಯಾ ಬಂದ್ ಮಾಡಿತು, ಮೊದಲೇ ಭ್ರಷ್ಟಾಚಾರಕ್ಕೆ ಕುದಿಯುತ್ತಿದ್ದ ಹುಡುಗರು ಬೀದಿಗಿಳಿದರು. 8ನೇ ತಾರೀಕು ಒಂದೇ ದಿನ 19 ಸಾವು. ಮರುದಿನ ಪ್ರಧಾನಿ ಓಲಿ ರಾಜೀನಾಮೆ, ಸಂಸತ್ ಭವನಕ್ಕೂ ಸಿಂಹ ದರ್ಬಾರ್‌ಗೂ ಬೆಂಕಿ. ದೇಶಕ್ಕೆ ಸರ್ಕಾರವೇ ಇಲ್ಲ. ಬೀದಿಯಲ್ಲಿ ಸೇನೆ. ಅವತ್ತು ರಾತ್ರಿ ಸೇನಾ ಮುಖ್ಯಸ್ಥರು ಟಿವಿಯಲ್ಲಿ ಮಾತಾಡಿದರು. ಅವರ ಬೆನ್ನ ಹಿಂದೆ ಗೋಡೆಯ ಮೇಲೆ ಯಾರ ಚಿತ್ರ? ಶಾ ವಂಶದ ದೊರೆ, ನೇಪಾಳ ಕಟ್ಟಿದ ಪೃಥ್ವಿನಾರಾಯಣ ಶಾ! ನಮ್ಮ ಡೆಸ್ಕಿನಲ್ಲಿ ಎಲ್ಲರೂ ಒಟ್ಟಿಗೆ ಅದನ್ನೇ ನೋಡಿದ್ವಿ. ಸಾಮಾಜಿಕ ಜಾಲತಾಣದಲ್ಲೂ ಅದೇ ಚರ್ಚೆ.

ಸ್ಪೇನ್‌ನಲ್ಲಿ ಇದ್ದಿದ್ದೆಲ್ಲ ಅಲ್ಲೂ ಇತ್ತು. ಕುಸಿದ ವ್ಯವಸ್ಥೆ, ಕೀಲಿ ಹಿಡಿದ ಜನರಲ್, ಊರಲ್ಲೇ ಇದ್ದ ರಾಜ. ರಾಜನನ್ನು ಕರೆಯಿರಿ ಅನ್ನೋ ದನಿಗಳೂ ಇದ್ದವು. ಆದರೆ ಆ ಜನರಲ್‌ಗೆ ರಾಜ ಬೇಕಾಗಿರಲಿಲ್ಲ. ಹೋರಾಟದ ಹುಡುಗರಿಗೂ ಬೇಕಾಗಿರಲಿಲ್ಲ. ಅವರು ಡಿಸ್ಕಾರ್ಡ್ ಅನ್ನೋ ಆ್ಯಪ್‌ನಲ್ಲಿ ಸೇರಿ, ಚರ್ಚೆ ಮಾಡಿ, ಓಟು ಹಾಕಿ ಒಂದು ಹೆಸರು ಆರಿಸಿದರು. ಸುಪ್ರೀಂ ಕೋರ್ಟ್‌ನ ಮಾಜಿ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕಾರ್ಕಿ. ಸೇನೆ ಮಾತುಕತೆ ನಡೆಸಿತು, ರಾಷ್ಟ್ರಪತಿ ಪ್ರಮಾಣವಚನ ಬೋಧಿಸಿದರು. ಸೆಪ್ಟೆಂಬರ್ 12.

ನಮ್ಮ ಆಫೀಸ್ ಗೇಟಿನಲ್ಲಿ ರಾತ್ರಿ ಪಾಳಿಗೆ ಇರೋ ಹುಡುಗ ನೇಪಾಳದವನು. ಎಲ್ಲರೂ ಅವನನ್ನು ಬಹದ್ದೂರ್ ಅಂತಾರೆ, ಅದು ಅವನ ಹೆಸರಲ್ಲ. ಮಾರ್ಚ್‌ನಲ್ಲಿ ನನ್ನ ಕಾರ್ಯಕ್ರಮ ಮುಗಿದ ರಾತ್ರಿ ಅವನನ್ನು ಕೇಳಿದ್ದೆ, ರಾಜ ಬರಬೇಕಾ ಅಂತ. "ಅಪ್ಪನಿಗೆ ಖುಷಿ ಸಾರ್, ಮನೇಲಿ ರಾಜನ ಫೋಟೋ ಇನ್ನೂ ಇದೆ" ಅಂದ. ನಿನಗೆ? "ರಾಜ ಹೋದಾಗ ನಾನು ಮೂರನೇ ಕ್ಲಾಸು. ಅವರ ಹುಟ್ಟುಹಬ್ಬಕ್ಕೆ ಸ್ಕೂಲಿಗೆ ರಜಾ ಇರ್ತಿತ್ತು, ಆಮೇಲೆ ನಿಂತುಹೋಯ್ತು."

ಸೆಪ್ಟೆಂಬರ್ 12ರ ರಾತ್ರಿ ಮನೆಗೆ ಹೊರಟಾಗ ಅವನು ಮೊಬೈಲ್‌ನಲ್ಲಿ ಕಾರ್ಕಿ ಪ್ರಮಾಣವಚನದ ವಿಡಿಯೋ ನೋಡ್ತಾ ಇದ್ದ. ಮೂರು ದಿನದಿಂದ ಮನೆಗೆ ಫೋನ್ ಸಿಗ್ತಿಲ್ಲ ಅಂತ ಒದ್ದಾಡ್ತಿದ್ದವನು. ರಾಜನ ಬಗ್ಗೆ ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಅಪ್ಪ ಸಿಕ್ಕಿದ್ರಾ ಅಂದೆ.

"ಈಗ ಸಿಕ್ಕಿದ್ರು ಸಾರ್" ಅಂದು ಗೇಟು ತೆಗೆದ.